ನಡುವಿನ ಎಲುಬು ಮುಚ್ಚದಿದ್ದರೆ ಬಾಜುವಿನ ನೋಟ ಏಕೆ ಹೋಗುತ್ತದೆ?

ಪ್ರಶ್ನೆ: ಡಾಕ್ಟರ್ ಸಾಹೇಬ್ರ, ನಾನು ಬೆಟಗೇರಿಯವಳು, ಮನೆಯಲ್ಲೇ ಹೊಲಿಗೆ, ಕಸೂತಿ ಮಾಡುತ್ತೇನೆ. ಮಗಳಿಗೆ 12 ವರ್ಷ, ಏಳನೇ ಇಯತ್ತೆ. ಹುಟ್ಟುವಾಗಲೇ ತುಟಿ, ಅಂಗುಳ ಸೀಳಿದ್ದವು, ಚಿಕ್ಕಂದಿನಲ್ಲೇ ಆಪರೇಷನ್ ಆಗಿ ಚಲೋ ಆಗಿದ್ದಾಳೆ. ಆದರೆ ನಡೆಯುವಾಗ ಬಾಗಿಲ ಚೌಕಟ್ಟು, ಕಟ್ಟೆ, ಮಂದಿ, ಎಲ್ಲಕ್ಕೂ ಎಡಭುಜ ಬಡಿಸಿಕೊಳ್ಳುತ್ತಾಳೆ. ಓದುವಾಗ ಸಾಲು ತಪ್ಪುತ್ತದೆ. ‘ಲಕ್ಷ್ಯ ಇಲ್ಲ ನಿನಗ’ ಅಂತ ನಾನೇ ಎಷ್ಟು ಸಲ ಬೈದಿದ್ದೇನೆ. ಈಗ ಹುಬ್ಬಳ್ಳಿಯಲ್ಲಿ ತೋರಿಸಿದಾಗ, ಬಲಗಣ್ಣು 6/60, ಎಡಗಣ್ಣು 6/9 ಎಂದರು. ಫೀಲ್ಡ್ ಟೆಸ್ಟ್ ಮಾಡಿ ಎರಡೂ ಕಣ್ಣಿನ ಹೊರಗಿನ ಅರ್ಧ ಇಲ್ಲ ಎಂದರು. ಎಂಆರ್‌ಐ ನೋಡಿ, ಬುರುಡೆಯ ತಳದ ಎಲುಬಿನಲ್ಲಿ ಹುಟ್ಟಿನಿಂದಲೇ ತೂತು ಇದೆ, ಅದರಿಂದ ಮಿದುಳಿನ ಚೂರು ಕೆಳಗೆ ಇಳಿದಿದೆ, ಸದ್ಯ ಆಪರೇಷನ್ ಬೇಡ ಎಂದರು. ಎಲುಬಿಗೂ ಕಣ್ಣಿಗೂ ಏನು ಸಂಬಂಧ? ಬಲಗಣ್ಣು ಮಂದ ಅಂದಮೇಲೆ ಎಡಗಡೆ ಯಾಕೆ ಬಡಿಸಿಕೊಳ್ಳುತ್ತಾಳೆ? ರಿಪೋರ್ಟಿನಲ್ಲಿ ಅರ್ಧ ಕರ್ರಗಿದೆ, ಅವಳಿಗೆ ಹಂಗೇ ಕಾಣುತ್ತದೇನು? ಆಪರೇಷನ್ ಮಾಡಿಸಿದರೆ ನೋಟ ತಿರುಗಿ ಬರುತ್ತದೇನು? ಮೂರು ವರ್ಷದ ಹಿಂದೆ ಒಂದು ದವಾಖಾನೆಯಲ್ಲಿ ಇವಳ ಮೂಗಿನಲ್ಲಿ ದುರ್ಮಾಂಸ ಇದೆ, ತೆಗೆಸಿ ಎಂದಿದ್ದರು. ರೊಕ್ಕ ಇಲ್ಲದೆ ಬಿಟ್ಟೆವು. ಅದೂ ಇದೂ ಒಂದೇನಾ? ನಮ್ಮ ಅತ್ತೆ ಎಲ್ಲದಕ್ಕೂ ನಾನು ಗ್ರಹಣದ ದಿನ ಈಳಗಿ ಹಿಡಿದದ್ದೇ ಕಾರಣ ಅನ್ನುತ್ತಾರೆ. ಸೈಕಲ್ ಕೊಡಿಸು ಅಂತ ಹಟ ಹಿಡಿದಿದ್ದಾಳೆ, ಕಸೂತಿ ಕಲಿಯುವ ಆಸೆಯೂ ಇದೆ.

ಉತ್ತರ: ಅಕ್ಕಾರ, ನಿಮ್ಮ ಕೊನೆಯಿಂದ ಎರಡನೆಯ ಮಾತಿನಿಂದ ಶುರು ಮಾಡುತ್ತೇನೆ, ಏಕೆಂದರೆ ಅದನ್ನು ಇಳಿಸದೆ ಉಳಿದದ್ದು ಕಿವಿಗೆ ಹೋಗುವುದಿಲ್ಲ. ಗ್ರಹಣಕ್ಕೂ ಈಳಿಗೆಗೂ ಇದಕ್ಕೂ ಸಂಬಂಧವಿಲ್ಲ. ಮಗುವಿನ ಮಿದುಳಿನ ಮೂಲಕೊಳವೆ ಮುಚ್ಚಿಕೊಳ್ಳುವುದು ಗರ್ಭ ನಿಂತ ಸುಮಾರು 28ನೇ ದಿನಕ್ಕೆ. ತುಟಿ, ಮೂಗು, ಅಂಗುಳ ಎಡಬಲದಿಂದ ಬಂದು ನಡುವೆ ಕೂಡಿಕೊಳ್ಳುವುದು ಅಲ್ಲಿಂದ ಮುಂದಿನ ಕೆಲವು ವಾರಗಳಲ್ಲಿ. ತಿಂಗಳ ಮುಟ್ಟು ನಿಂತದ್ದೇ ಆಗಿನ್ನೂ ಎಷ್ಟೋ ಹೆಣ್ಣುಮಕ್ಕಳ ಲಕ್ಷ್ಯಕ್ಕೆ ಬಂದಿರುವುದಿಲ್ಲ. ಬಸಿರಿ ಎಂದು ಗೊತ್ತಾಗಿ, ಗ್ರಹಣ ಬಂದು, ಒಳಗೆ ಕೂತಿರು ಎಂದು ಅತ್ತೆ ಹೇಳುವ ಹೊತ್ತಿಗೆ ಕೂಡುವುದು ಕೂಡಿ, ಬಿಡುವುದು ಬಿಟ್ಟು ಆಗಿರುತ್ತದೆ. ಇದನ್ನು ಅವರಿಗೆ ಓದಿ ಹೇಳಿ. ಅವರೂ ಮೊಮ್ಮಗಳ ಸಂಕಟಕ್ಕೇ ಒಂದು ಕಾರಣ ಹುಡುಕುತ್ತಿದ್ದಾರೆ, ಅಷ್ಟೇ.

ಎಡದ್ದು ಬಲದ್ದು ನಡುವೆ ಕೂಡುವುದು ಎಂದೆನಲ್ಲ, ನಿಮ್ಮ ಮಗಳ ಕಥೆಯೆಲ್ಲ ಆ ‘ನಡು’ವಿನದ್ದೇ. ತುಟಿ ಸೀಳಿದ್ದು ಮುಖದ ನಡುವಿನ ಹತ್ತಿರ. ಅಂಗುಳದ ಮೇಲೆ ಮೂಗು, ಮೂಗಿನ ಹಿಂದೆ ಮೇಲಕ್ಕೆ ಒಂದು ಎಲುಬು; ರೆಕ್ಕೆ ಬಿಚ್ಚಿದ ಪಾತರಗಿತ್ತಿಯ ಆಕಾರ. ಸ್ಫೀನಾಯ್ಡ್ ಎಂದು ಹೆಸರು. ಮಿದುಳು ಕೂತಿರುವ ನೆಲದ ನಟ್ಟನಡುವಿನ ಹಾಸುಗಲ್ಲು ಇದು. ಅದರ ಬೆನ್ನ ಮೇಲೆ ಕುದುರೆಯ ಜೀನಿನಂಥ ಒಂದು ತಗ್ಗು, ಆ ತಗ್ಗಿನಲ್ಲಿ ಕಡಲೆಕಾಳಿನಷ್ಟು ದೊಡ್ಡ, ಅರ್ಧ ಗ್ರಾಂ ತೂಕದ ಪಿಟ್ಯುಟರಿ ಗ್ರಂಥಿ, ಮೈಯ ಹಾರ್ಮೋನುಗಳನ್ನು ಆಳುವ ಯಜಮಾನ. ಅದರ ಮೇಲೆ ಸುಮಾರು ಒಂದು ಸೆಂಟಿಮೀಟರ್ ಎತ್ತರದಲ್ಲಿ ಎರಡೂ ಕಣ್ಣಿನ ನರಗಳು ಬಂದು ಕೂಡುವ ಜಾಗ, ಕಯಾಸ್ಮ್. ಈ ಹಾಸುಗಲ್ಲು ಗರ್ಭದಲ್ಲಿ ಪೂರ್ತಿ ಕೂಡದೆ ತೂತು ಉಳಿದರೆ, ಹೊಟ್ಟೆಯ ಗೋಡೆ ಸಡಿಲಾಗಿ ಕರುಳು ಜಾರಿದಾಗ ಹರ್ನಿಯಾ ಅನ್ನುತ್ತೇವಲ್ಲ, ಹಾಗೆ ಮಿದುಳಿನ ಪೊರೆಯ ಚೀಲ ಆ ತೂತಿನಿಂದ ಮೂಗಿನ ಹಿಂಭಾಗಕ್ಕೆ ಇಳಿಯುತ್ತದೆ. ಚೀಲದಲ್ಲಿ ಬರೀ ನೀರು ಇರಬಹುದು, ಪಿಟ್ಯುಟರಿ ಇರಬಹುದು, ಕಣ್ಣಿನ ನರಗಳ ಕೂಡುಜಾಗವೇ ಜೋತುಬಿದ್ದಿರಬಹುದು. ಟ್ರಾನ್ಸ್‌ಸ್ಫೀನಾಯ್ಡಲ್ ಎನ್ಸೆಫಲೋಸೀಲ್ ಎಂದು ರಿಪೋರ್ಟಿನಲ್ಲಿ ಬರೆದಿರುವುದು ಇದನ್ನೇ. ಬಹಳ ಅಪರೂಪದ್ದು, ಸುಮಾರು 7 ಲಕ್ಷ ಹೆರಿಗೆಗೆ ಒಂದು ಎಂದು ವೈದ್ಯಕೀಯ ಪುಸ್ತಕಗಳ ಅಂದಾಜು.

ಈಗ ಕಣ್ಣಿಗೆ ಬರೋಣ. ಹುಬ್ಬಳ್ಳಿ ಜಂಕ್ಷನ್ ನೋಡಿದ್ದೀರಿ. ಗದಗದಿಂದ ಬಂದ ರೈಲು ಎಲ್ಲವೂ ಧಾರವಾಡಕ್ಕೇ ಹೋಗುವುದಿಲ್ಲ, ಕೆಲವು ಹಾವೇರಿ ಕಡೆ ತಿರುಗುತ್ತವೆ. ಕಯಾಸ್ಮ್ ಕೂಡ ಅಂಥದ್ದೇ ಜಂಕ್ಷನ್. ಒಂದೊಂದು ಕಣ್ಣಿನಿಂದ ಸುಮಾರು 12 ಲಕ್ಷ ನರದ ಎಳೆಗಳು ಹೊರಟು ಬರುತ್ತವೆ. ಅವುಗಳಲ್ಲಿ ಕಣ್ಣಿನ ಪರದೆಯ ಹೊರಮಗ್ಗುಲಿನವು ತಮ್ಮ ಬದಿಯಲ್ಲೇ ಮುಂದಕ್ಕೆ ಹೋಗುತ್ತವೆ. ಮೂಗಿನ ಮಗ್ಗುಲಿನವು, ಅರ್ಧಕ್ಕಿಂತ ತುಸು ಹೆಚ್ಚೇ, ನಡುವೆ ಅಡ್ಡ ಹಾಯ್ದು ಆಚೆ ಬದಿಗೆ ಹೋಗುತ್ತವೆ. ನೆನಪಿಡಬೇಕಾದ್ದು, ಕಣ್ಣಿನೊಳಗೆ ಬೆಳಕು ತಿರುವುಮುರುವಾಗಿ ಬೀಳುತ್ತದೆ: ಪರದೆಯ ಮೂಗಿನ ಮಗ್ಗುಲು ನೋಡುವುದು ಹೊರಗಿನ ಬಾಜುವನ್ನು, ಅಂದರೆ ಕಿವಿಯ ಕಡೆಯ ಜಗತ್ತನ್ನು. ಕೆಳಗಿನ ಎಲುಬು ಇಲ್ಲದೆ ಜಂಕ್ಷನ್ನಿನ ನಡು ಜಗ್ಗಿದಾಗ ಪೆಟ್ಟು ತಿನ್ನುವವು ನಡುವೆ ಅಡ್ಡಹಾಯುವ ಆ ಎಳೆಗಳೇ. ಎಷ್ಟೋ ಮಕ್ಕಳಲ್ಲಿ ಆ ನರಗಳು ಹುಟ್ಟುವಾಗಲೇ ನೆಟ್ಟಗೆ ಬೆಳೆದಿರುವುದಿಲ್ಲ, ಬರೀ ಜಗ್ಗಾಟದ ತಪ್ಪಲ್ಲ. ಎಲುಬಿನ ತೂತು ನಡುವೆ, ನೋಟ ಹೋಗಿದ್ದು ಎರಡೂ ಬಾಜು. ನಿಮ್ಮ ಮೊದಲ ಪ್ರಶ್ನೆಗೆ ಇದು ಉತ್ತರ.

ಎರಡನೆಯದು ನಿಜಕ್ಕೂ ಜಾಣ ಪ್ರಶ್ನೆ. ನನ್ನ ಕೈಕೆಳಗೆ ಕಲಿಯುವ ಹುಡುಗರಿಗೆ ಇದನ್ನು ಕೇಳಿದರೆ ಅರ್ಧ ಮಂದಿ ಗಡಬಡಿಸುತ್ತಾರೆ. ಬಲಗಣ್ಣು ಮಂದ, ಬಡಿಯುವುದು ಎಡಭುಜ. ಹೇಗೆ?

ಒಳ್ಳೆಯ ಕಣ್ಣೊಂದಕ್ಕೆ ಹೊರಬಾಜು 90 ಡಿಗ್ರಿಗೂ ಮೀರಿ ಕಾಣುತ್ತದೆ, ಮೂಗಿನ ಕಡೆ ಸುಮಾರು 60 ಡಿಗ್ರಿ. ಅಂದರೆ ನಿಮ್ಮ ಎಡಗಣ್ಣು ಮೂಗಿನ ಮೇಲಿಂದ ಹಾಯ್ದು ಬಲಗಡೆಯ ಜಗತ್ತನ್ನೂ ಸಾಕಷ್ಟು ನೋಡುತ್ತದೆ, ಬಲಗಣ್ಣು ಎಡಗಡೆಯದನ್ನು. ಎರಡೂ ಕಣ್ಣು ಚುರುಕಾಗಿದ್ದು ಹೊರಗಿನ ಅರ್ಧಗಳಷ್ಟೇ ಹೋದರೆ, ಕಣ್ಣೆರಡೂ ತೆರೆದಿರುವಾಗ ಆ ಕಡೆ 60, ಈ ಕಡೆ 60 ಡಿಗ್ರಿ ಉಳಿದೇ ಇರುತ್ತದೆ. ಅಂಥವರು ಎಷ್ಟೋ ವರ್ಷ ಯಾರಿಗೂ ಗೊತ್ತಾಗದೆ ಓಡಾಡುತ್ತಾರೆ. ನಿಮ್ಮ ಮಗಳ ಲೆಕ್ಕ ಬೇರೆ. ಅವಳ ಚಲೋ ಕಣ್ಣು ಎಡಗಣ್ಣು. ಅದರ ಹೊರಗಿನ ಅರ್ಧ, ಅಂದರೆ ಎಡಗಡೆ, ಹೋಗಿದೆ. ಉಳಿದದ್ದು ಬಲಗಡೆಯ ಅರ್ಧ. ಎಡಗಡೆಯ ಜಗತ್ತನ್ನು ನೋಡುವ ಹೊಣೆ ಬಲಗಣ್ಣಿನ ಮೂಗಿನ ಕಡೆಯ ಅರ್ಧಕ್ಕೆ ಬಿತ್ತು. ಆ ಬಲಗಣ್ಣು 6/60ದ ಮಂದ ಕಣ್ಣು, ಒಳ್ಳೆಯ ಕಣ್ಣು 60 ಮೀಟರಿನಿಂದ ಓದುವ ಅಕ್ಷರವನ್ನು 6 ಮೀಟರಿಗೆ ಬಂದು ಓದುವಂಥದ್ದು. ಎಮ್ಮೆ ಅಡ್ಡ ಬಂದರೆ ಅದಕ್ಕೆ ತಿಳಿಯುತ್ತದೆ, ಬಾಗಿಲ ಚೌಕಟ್ಟಿನ ಅಂಚು ತಿಳಿಯುವುದಿಲ್ಲ. ಹೀಗಾಗಿ ಮಂದ ಕಣ್ಣು ಬಲ, ಬಡಿಯುವ ಭುಜ ಎಡ. ಸಾಲು ತಪ್ಪುವುದಕ್ಕೂ ಇದೇ ಕಾರಣ. ಕನ್ನಡ ಎಡದಿಂದ ಬಲಕ್ಕೆ ಓದುತ್ತೇವೆ. ಸಾಲಿನ ಮುಂದಿನ ಶಬ್ದಗಳು ಅವಳ ಕಾಣುವ ಬದಿಯಲ್ಲಿವೆ, ಹಾಗಾಗಿ ಓದು ಸಾಗುತ್ತದೆ. ಸಾಲು ಮುಗಿದು ಹೊಸ ಸಾಲಿನ ಮೊದಲ ಅಕ್ಷರ ಹುಡುಕಬೇಕಾದಾಗ ಅದು ಕಾಣದ ಎಡಬದಿಯಲ್ಲಿ. ಅಲ್ಲಿ ಎಡವುತ್ತಾಳೆ. ಲಕ್ಷ್ಯದ ತಪ್ಪಲ್ಲ ಅದು.

ಬಲಗಣ್ಣು ಮಂದ ಏಕೆ ಎಂದು ನೀವು ಕೇಳಲಿಲ್ಲ, ಆದರೂ ಹೇಳಬೇಕು. ಬುರುಡೆಯ ತಳದ ಈ ದೋಷವಿರುವ ಮಕ್ಕಳಲ್ಲಿ ಒಂದು ಕಣ್ಣಿನ ನರದ ಬುಡವೂ ವಿಚಿತ್ರವಾಗಿ ಬೆಳೆದಿರುವುದುಂಟು: ದೊಡ್ಡದಾಗಿ, ಆಲಿಕೆಯಂತೆ ಒಳಕ್ಕೆ ತಗ್ಗಿ, ನಡುವೆ ಬಿಳಿ ಕುಚ್ಚು, ಸುತ್ತಲೂ ನೆಟ್ಟಗೆ ಚಾಚಿದ ರಕ್ತನಾಳಗಳು. ಕಹಳೆಯಂತೆ ಅರಳುವ ಹೂವಿನ ಹಾಗೆ ಕಂಡದ್ದರಿಂದ 1970ರಲ್ಲಿ ಕಿಂಡ್ಲರ್ ಎಂಬ ನೇತ್ರವೈದ್ಯರು ಇದಕ್ಕೆ ಮಾರ್ನಿಂಗ್ ಗ್ಲೋರಿ ಎಂದು ಹೆಸರಿಟ್ಟರು. ಹೆಸರು ಚೆಂದ, ನೋಟ ಮಂದ. ಹೆಚ್ಚಾಗಿ ಒಂದೇ ಕಣ್ಣಿಗೆ ಬರುತ್ತದೆ. ನಿಮ್ಮ ರಿಪೋರ್ಟಿನಲ್ಲಿ ಈ ಶಬ್ದ ಇದೆಯೇ ನೋಡಿ. ಇದ್ದರೆ ಎರಡು ಕೆಲಸ ಹೆಚ್ಚಾಗುತ್ತವೆ. ಇಂಥ ಕಣ್ಣುಗಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಮುಂದೆ ಎಂದಾದರೂ ಪರದೆ ಕಳಚುತ್ತದೆ, ಆದ್ದರಿಂದ ಹನಿ ಹಾಕಿ ಪಾಪೆ ಅಗಲಿಸಿ ನೋಡುವ ತಪಾಸಣೆ ತಪ್ಪಬಾರದು. ಮತ್ತೆ, ಕೆಲವರಲ್ಲಿ ಮಿದುಳಿಗೆ ಹೋಗುವ ರಕ್ತನಾಳಗಳು ಕಿರಿದಾಗುವ ಮೋಯಾಮೋಯಾ ಎಂಬ ತೊಂದರೆ ಜೊತೆಗಿರುತ್ತದೆ. ಎಂಆರ್‌ಐ ಜೊತೆ ರಕ್ತನಾಳದ ಚಿತ್ರವನ್ನೂ ತೆಗೆದಿದ್ದಾರೆಯೇ ಎಂದು ಕೇಳಿ. ತೆಗೆದಿರದಿದ್ದರೆ ತೆಗೆಸಿ.

ಈಗ ಆ ಕರ್ರಗಿನ ಕಾಗದ. ಫೀಲ್ಡ್ ಟೆಸ್ಟ್ ಮಷಿನ್ನಿನಲ್ಲಿ ಗದ್ದ ಊರಿ, ಬೋಗುಣಿಯೊಳಗೆ ಇಣುಕಿದ ಹಾಗೆ ಕೂತು, ಚುಕ್ಕಿ ಬೆಳಕು ಕಂಡಾಗಲೆಲ್ಲ ಬಟನ್ ಒತ್ತುವುದು. ಸಾಮಾನ್ಯವಾಗಿ ಒಂದು ಕಣ್ಣಿಗೆ 54 ಜಾಗಗಳಲ್ಲಿ ಬೆಳಕು ತೋರಿಸುತ್ತದೆ. ಎಲ್ಲಿ ಒತ್ತಲಿಲ್ಲವೋ ಅಲ್ಲಿ ಕಂಪ್ಯೂಟರ್ ಕಪ್ಪು ಬಳಿಯುತ್ತದೆ. ಅದು ಮಷಿನ್ನಿನ ಶಾಯಿ, ಮಗಳ ಅನುಭವವಲ್ಲ. ಅವಳಿಗೆ ಅಲ್ಲಿ ಕಪ್ಪೂ ಇಲ್ಲ, ಬಿಳುಪೂ ಇಲ್ಲ, ಏನೂ ಇಲ್ಲ. ನಿಮ್ಮ ಬೆನ್ನ ಹಿಂದೆ ನಿಮಗೆ ಏನು ಕಾಣುತ್ತದೆ? ಕತ್ತಲೆ ಕಾಣುತ್ತದೆಯೇ? ಅಲ್ಲಿ ನೋಟವೇ ಇಲ್ಲ, ಹಾಗಾಗಿ ಕತ್ತಲೆಯೂ ಇಲ್ಲ.

ನಂಬಿಕೆ ಬರದಿದ್ದರೆ ಈಗಲೇ ಮಾಡಿ ನೋಡಿ. ಒಂದು ಬಿಳಿ ಹಾಳೆಯ ಮೇಲೆ ಎಡಗಡೆ ಒಂದು ಗುಣಾಕಾರದ ಗುರುತು, ಅದರಿಂದ 8 ಸೆಂಟಿಮೀಟರ್ ಬಲಕ್ಕೆ ಹುಣಸೆಬೀಜದಷ್ಟು ಕಪ್ಪು ಚುಕ್ಕಿ ಹಾಕಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಗುಣಾಕಾರವನ್ನೇ ದಿಟ್ಟಿಸುತ್ತ ಹಾಳೆಯನ್ನು ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಹಿಡಿದು ಮೆಲ್ಲಗೆ ಹಿಂದೆ ಮುಂದೆ ಮಾಡಿ. ಒಂದು ಕಡೆ ಬಂದಾಗ ಚುಕ್ಕಿ ಮಾಯವಾಗುತ್ತದೆ. ಅಲ್ಲಿ ತೂತು ಕಾಣಲಿಲ್ಲ, ಬರೀ ಹಾಳೆ ಕಂಡಿತು, ಹೌದಲ್ಲ? ಕಣ್ಣಿನಿಂದ ನರ ಹೊರಬೀಳುವ ಆ ಕುರುಡು ಜಾಗ ನಿಮಗೂ ನನಗೂ ಹುಟ್ಟಿದಾಗಿನಿಂದ ಇದೆ, ಒಂದು ದಿನವೂ ಗೊತ್ತಾಗಿಲ್ಲ. ನಿಮ್ಮ ಮಗಳದು ಅದಕ್ಕಿಂತ ದೊಡ್ಡದು, ಅಷ್ಟೇ. ‘ನನಗೆ ಬಾಜು ಕಾಣೋದಿಲ್ಲ’ ಎಂದು ಅವಳು ಯಾವತ್ತೂ ಹೇಳಲಿಲ್ಲ ಎಂದು ಬೇಸರಿಸಬೇಡಿ. ಎಲ್ಲರಿಗೂ ಜಗತ್ತು ಇಷ್ಟೇ ಅಗಲ ಎಂದುಕೊಂಡೇ ಬೆಳೆದಿದ್ದಾಳೆ.

ಬೈದದ್ದಕ್ಕೆ ನೊಂದುಕೊಂಡು ಬರೆದಿದ್ದೀರಿ. ನನ್ನದೂ ಒಂದು ಹೇಳುತ್ತೇನೆ. ಹೊಸದಾಗಿ ಡಾಕ್ಟರಾದಾಗ, ಮೇಲ್ತುಟಿಯಲ್ಲಿ ಹೊಲಿಗೆಯ ಗೆರೆ ಇದ್ದ ಒಬ್ಬ ಹುಡುಗನನ್ನು ಅವನ ಅಪ್ಪ ಕರೆತಂದಿದ್ದ. ಆಟದಲ್ಲಿ ಬಾಜೂಕಿನ ಚೆಂಡು ಬಿಡುತ್ತಾನೆ ಎಂದ. ನಾನು ಗೋಡೆಯ ಅಕ್ಷರದ ಬೋರ್ಡು ಓದಿಸಿದೆ. ಕೊನೆಯ ಸಾಲಿನವರೆಗೂ ಓದಿದ. ‘ಕಣ್ಣು ಬಂಗಾರದಂಗ ಅದಾವ, ಹುಡುಗಗ ಆಟದಾಗ ಲಕ್ಷ್ಯ ಇಲ್ಲ’ ಎಂದು ಕಳಿಸಿದೆ. ಮುಂದೆ ಎರಡು ವರ್ಷಕ್ಕೆ ಬೇರೆಯವರು ಕಂಡುಹಿಡಿದರು. ಬೋರ್ಡು ಓದಿಸುವುದರಿಂದ ತಿಳಿಯುವುದು ನೋಟದ ನಟ್ಟನಡುವಿನ ಒಂದು ಚೂರು ಮಾತ್ರ. ನೋಟದ ಹರವು ಅದರಲ್ಲಿ ಸಿಗುವುದಿಲ್ಲ. ಶಾಲೆಯ ತಪಾಸಣೆಯಲ್ಲಿ ನಿಮ್ಮ ಮಗಳು ಎಡಗಣ್ಣಿನಿಂದ ಆರಾಮಾಗಿ ಪಾಸಾಗಿರಬೇಕು. ಸೀಳುತುಟಿ, ಸೀಳಂಗುಳ ಇರುವ ಎಲ್ಲ ಮಕ್ಕಳಿಗೂ ಇದು ಇರುತ್ತದೆ ಎಂದು ಯಾರೂ ಹೆದರಬಾರದು. ಬಹುತೇಕ ಮಕ್ಕಳಿಗೆ ತುಟಿಯ ಆಚೆ ಏನೂ ಇರುವುದಿಲ್ಲ. ಆದರೆ ಅಂಥ ಮಗುವಿನ ಕಣ್ಣುಗಳ ನಡುವಿನ ಅಂತರ ಅಗಲವಾಗಿದ್ದು, ಮೂಗಿನ ಬುಡ ಚಪ್ಪಟೆಯಾಗಿದ್ದು, ಬಾಯಲ್ಲೇ ಉಸಿರಾಡುತ್ತ, ಜೊತೆಗೆ ಒಂದು ಕಣ್ಣು ಮಂದವಾಗಿದ್ದರೆ ಮುಖದ ನಡುವಿನ ಹಿಂದೆ ಮಿದುಳಿನ ನಡುವನ್ನೂ ನೋಡಲೇಬೇಕು.

ದುರ್ಮಾಂಸದ ಮಾತು ಓದಿದಾಗ ನಾನು ಕಾಗದ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹೌದು, ಬಹುಮಟ್ಟಿಗೆ ಅದೂ ಇದೂ ಒಂದೇ. ಮೂಗಿನ ಹಿಂದೆ ಕಂಡ ಆ ಗಡ್ಡೆ ಮೇಲಿನಿಂದ ಇಳಿದ ಚೀಲವೇ ಇದ್ದೀತು. ಅದನ್ನು ದುರ್ಮಾಂಸ ಎಂದು ಕತ್ತರಿಸಿದ್ದರೆ ಮಿದುಳಿನ ನೀರು ಸೋರುತ್ತಿತ್ತು, ಸೋಂಕು ಒಳಗೆ ಏರುತ್ತಿತ್ತು. ಚೀಲದಲ್ಲಿ ಇರುವ ನರ, ಗ್ರಂಥಿಗೂ ಕತ್ತರಿ ತಾಗಬಹುದಿತ್ತು. ಬಡತನ ಒಳ್ಳೆಯದು ಮಾಡಿದ್ದನ್ನು ನಾನು ಕಂಡದ್ದು ಅಪರೂಪ. ಹೇಳಿದವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಬರಿಗಣ್ಣಿಗೆ ಎರಡೂ ಒಂದೇ ರೀತಿ ಹೊಳೆಯುತ್ತವೆ. ನಡುವಿನಲ್ಲಿರುವ, ಮಗು ಅತ್ತಾಗ ಉಬ್ಬುವ, ನಾಡಿಯಂತೆ ಮಿಡಿಯುವ ಗಡ್ಡೆಯಾದರೆ ಅನುಮಾನ ಬರಬೇಕು. ಚಿಕ್ಕ ಮಕ್ಕಳ ಮೂಗಿನ ಗಡ್ಡೆಯನ್ನು ಸ್ಕ್ಯಾನ್ ಮಾಡದೆ ಮುಟ್ಟಬಾರದು, ಚೂರು ತೆಗೆದು ಪರೀಕ್ಷೆಗೂ ಕಳಿಸಬಾರದು. ಈ ಸಾಲನ್ನು ಬರೆದದ್ದು ನಿಮಗಿಂತ ಹೆಚ್ಚಾಗಿ, ಇದನ್ನು ಓದುತ್ತಿರುವ ಉಳಿದ ತಾಯಂದಿರಿಗಾಗಿ.

ಮನೆಯಲ್ಲಿ ನೀವು ಇಷ್ಟು ಮಾಡಿ. ಒಂದು ಗಟ್ಟಿ ಕಾರ್ಡಿನ ಮೇಲೆ ‘ಬುರುಡೆಯ ತಳದಲ್ಲಿ ತೂತು ಇದೆ, ಮೂಗಿನಲ್ಲಿ ಕೊಳವೆ ಅಥವಾ ಕಡ್ಡಿ ಹಾಕಬೇಡಿ’ ಎಂದು ನಿಮ್ಮ ಡಾಕ್ಟರ ಕೈಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿ ಪಾಟೀಚೀಲದಲ್ಲಿ ಇಡಿ. ಅಪಘಾತವಾಗಿ ಪ್ರಜ್ಞೆ ತಪ್ಪಿದವರಿಗೆ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕುವುದು ಆಸ್ಪತ್ರೆಗಳ ರೂಢಿ. ಕೊರೊನಾ ಕಾಲದಲ್ಲಿ, 2020ರಲ್ಲಿ, ಅಮೆರಿಕದ ಒಬ್ಬ ಹೆಂಗಸಿಗೆ ಇಂಥದ್ದೇ ಒಂದು ಚೀಲ ಇರುವುದು ಗೊತ್ತಿಲ್ಲದೆ ಮೂಗಿನ ಸ್ವ್ಯಾಬ್ ತೆಗೆದು ಮಿದುಳಿನ ನೀರು ಸೋರಿದ್ದು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಮಗಳು ತಲೆ ಬಗ್ಗಿಸಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ, ಅದರಲ್ಲೂ ಒಂದೇ ಹೊಳ್ಳೆಯಿಂದ, ಅದನ್ನು ನೆಗಡಿ ಎಂದು ಬಿಡಬೇಡಿ. ಸ್ವಚ್ಛ ಶೀಶೆಯಲ್ಲಿ ಹಿಡಿದುಕೊಂಡು ಬನ್ನಿ. ಬೀಟಾ-2 ಟ್ರಾನ್ಸ್‌ಫೆರಿನ್ ಎಂಬ ಪರೀಕ್ಷೆಯಿಂದ ಅದು ಮಿದುಳಿನ ನೀರೋ ಸಿಂಬಳವೋ ತಿಳಿಯುತ್ತದೆ. ಜ್ವರ, ಜೋರು ತಲೆನೋವು, ಕುತ್ತಿಗೆ ಬಿಗಿತ ಒಟ್ಟಿಗೆ ಬಂದರೆ ಮರುದಿನದವರೆಗೆ ಕಾಯಬೇಡಿ, ರಾತ್ರಿಯಾದರೂ ಸರಿ ಗದಗದ ಜಿಮ್ಸ್ ಆಸ್ಪತ್ರೆಗೆ ಹೋಗಿ. ಮಿದುಳುಪೊರೆಯ ಸೋಂಕಿನಿಂದ ಕಾಯುವ ನ್ಯುಮೋಕಾಕಲ್ ಲಸಿಕೆ ಆಗಿದೆಯೇ ಎಂದೂ ಕೇಳಿ.

ಪಿಟ್ಯುಟರಿ ಗ್ರಂಥಿಯ ವಿಷಯ ನಿಮ್ಮ ಪತ್ರದಲ್ಲಿ ಇಲ್ಲ. ನನಗೆ ಕಣ್ಣಿಗಿಂತ ಅದರದ್ದೇ ಚಿಂತೆ ಹೆಚ್ಚು. ಕಣ್ಣಿನ ನಷ್ಟ ಸಾಮಾನ್ಯವಾಗಿ ಇರುವಷ್ಟೇ ಇರುತ್ತದೆ. ಗ್ರಂಥಿ ಸೊರಗಿದರೆ ಜೀವಕ್ಕೆ ಕುತ್ತು. ಬಾಗಿಲ ಚೌಕಟ್ಟಿಗೆ ಮಗಳ ಎತ್ತರದ ಗೆರೆ ಎಳೆಯಿರಿ, ಆರು ತಿಂಗಳಿಗೊಮ್ಮೆ ನೋಡಿ. ಈ ವಯಸ್ಸಿನಲ್ಲಿ ವರ್ಷಕ್ಕೆ ನಾಲ್ಕು ಸೆಂಟಿಮೀಟರಿಗಿಂತ ಕಡಿಮೆ ಬೆಳೆದರೆ ಪರೀಕ್ಷೆ ಆಗಲೇಬೇಕು. ರಾತ್ರಿ ಮೂರ್ನಾಲ್ಕು ಸಲ ಎದ್ದು ಉಚ್ಚೆಗೆ ಹೋಗಿ ಮತ್ತೆ ಮತ್ತೆ ತಂಬಿಗೆ ನೀರು ಕುಡಿಯುತ್ತಿದ್ದರೆ, ಅದು ಸಕ್ಕರೆ ಕಾಯಿಲೆಯೇ ಆಗಬೇಕಿಲ್ಲ, ಇದೇ ಗ್ರಂಥಿಯ ತೊಂದರೆಯೂ ಇದ್ದೀತು. ಸಣ್ಣ ಜ್ವರ, ವಾಂತಿಗೇ ಪೂರ್ತಿ ಸೋತು ಮಲಗುವ ಮಗುವಾದರೆ ಕಾರ್ಟಿಸಾಲ್ ಎಂಬ ಹಾರ್ಮೋನು ಕಡಿಮೆ ಇದ್ದೀತು. ಬೆಳಗಿನ ಹೊತ್ತಿನ ಕಾರ್ಟಿಸಾಲ್, ಥೈರಾಯ್ಡ್, ಸೋಡಿಯಂ, ಇವನ್ನು ಒಮ್ಮೆ ನೋಡಿಸಿ. ಕಾರ್ಟಿಸಾಲ್, ಥೈರಾಯ್ಡ್ ಎರಡೂ ಕಡಿಮೆ ಬಂದರೆ ಮೊದಲು ಕಾರ್ಟಿಸಾಲಿಗೆ ಔಷಧ, ಆಮೇಲೆ ಥೈರಾಯ್ಡಿಗೆ. ಕ್ರಮ ತಪ್ಪಿದರೆ ಅಪಾಯ. ದೊಡ್ಡವಳಾಗುವುದು ತಡವಾದರೂ ಇದೇ ಗ್ರಂಥಿಯನ್ನು ನೆನೆಯಬೇಕು.

ಆಪರೇಷನ್. ನಿಮ್ಮ ಡಾಕ್ಟರು ‘ಸದ್ಯ ಬೇಡ’ ಎಂದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಈ ಚೀಲವನ್ನು ಸುಮ್ಮನೆ ಮೇಲಕ್ಕೆ ತಳ್ಳಿ ತೂತು ಮುಚ್ಚಲಾಗುವುದಿಲ್ಲ. ಅದರ ಗೋಡೆಗೆ ಕಣ್ಣಿನ ನರವೋ ಗ್ರಂಥಿಯೋ ಅಂಟಿಕೊಂಡಿರುತ್ತದೆ. ಸರಿಮಾಡಲು ಹೋಗಿ ಉಳಿದ ನೋಟ, ಉಳಿದ ಹಾರ್ಮೋನು ಕಳೆದುಕೊಂಡವರಿದ್ದಾರೆ. ನೀರು ಸೋರುತ್ತಿದ್ದರೆ, ಮಿದುಳುಪೊರೆಯ ಸೋಂಕು ಆಗಿದ್ದರೆ, ಉಸಿರಾಟಕ್ಕೆ ಅಡ್ಡಿಯಾದರೆ, ಇಲ್ಲವೇ ನೋಟ ದಿನೇ ದಿನೇ ಕುಗ್ಗುತ್ತಿರುವುದು ಪರೀಕ್ಷೆಯಲ್ಲಿ ಖಚಿತವಾದರೆ ಆಗ ಮಾಡುವುದು, ಅದೂ ನರಶಸ್ತ್ರಚಿಕಿತ್ಸಕರು, ಮೂಗಿನ ದುರ್ಬೀನು ಶಸ್ತ್ರಚಿಕಿತ್ಸೆ ಬಲ್ಲವರು, ಹಾರ್ಮೋನು ತಜ್ಞರು ಒಟ್ಟಿಗಿರುವ ಕಡೆ. ಹುಬ್ಬಳ್ಳಿಯ ಕೆಎಂಸಿಆರ್‌ಐ ಆಸ್ಪತ್ರೆಯಲ್ಲಿ (ಹಿಂದಿನ ಕಿಮ್ಸ್) ಮೊದಲು ತೋರಿಸಿ, ಅವರು ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ. ಹುಟ್ಟಿನಿಂದ ಇಲ್ಲದ ನೋಟ ಆಪರೇಷನ್ನಿನಿಂದ ಬರುತ್ತದೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಕಣ್ಣಿನ ನರದ ಎಳೆ ಒಮ್ಮೆ ಹೋದರೆ ಮತ್ತೆ ಚಿಗುರುವುದಿಲ್ಲ. ಸ್ಟೆಮ್ ಸೆಲ್ ಇಂಜೆಕ್ಷನ್, ಕಣ್ಣಿನ ವ್ಯಾಯಾಮ ಎಂದು ಲಕ್ಷಗಟ್ಟಲೆ ಕೇಳುವವರಿಗೆ ಹೊಲಿಗೆಯ ದುಡ್ಡು ಕೊಡಬೇಡಿ.

ಹೆಚ್ಚಾಗುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಆರು ತಿಂಗಳಿಗೊಮ್ಮೆ ಫೀಲ್ಡ್ ಟೆಸ್ಟ್ ಮಾಡಿಸಿ. ಮೊದಲ ಸಲದ ಕಾಗದವನ್ನು ಪೂರ್ತಿ ನಂಬಬಾರದು. ಮಕ್ಕಳು ಬೇಸತ್ತು ಕಣ್ಣು ಅತ್ತಿತ್ತ ಹೊರಳಿಸುತ್ತಾರೆ, ಎರಡು ಮೂರು ಸಲ ಆದಮೇಲೆ ಕೈ ಕುದುರುತ್ತದೆ. ಹಳೆಯ ಕಾಗದ ಒಂದನ್ನೂ ಕಳೆಯಬೇಡಿ. ನಡುವೆ ಮನೆಯಲ್ಲೇ ತಿಂಗಳಿಗೊಮ್ಮೆ ಎದುರುಬದುರು ಒಂದು ಮೊಳ ಅಂತರದಲ್ಲಿ ಕುಳಿತು, ಅವಳ ಒಂದು ಕಣ್ಣು ಮುಚ್ಚಿಸಿ, ನಿಮ್ಮ ಮೂಗನ್ನೇ ನೋಡಲು ಹೇಳಿ, ಕುಂಕುಮದ ಡಬ್ಬಿಯ ಕೆಂಪು ಮುಚ್ಚಳವನ್ನು ಹೊರಗಿನಿಂದ ಒಳಕ್ಕೆ ತನ್ನಿ. ‘ಕೆಂಪು ಕಂಡಿತು’ ಎಂದು ಎಲ್ಲಿ ಹೇಳುತ್ತಾಳೆ ನೋಡಿ. ಹೋದ ತಿಂಗಳಿಗಿಂತ ಒಳಗೆ ಬಂದಮೇಲೆ ಹೇಳತೊಡಗಿದರೆ, ಬಣ್ಣ ಮಾಸಿದ ಹಾಗಿದೆ ಎಂದರೆ, ಅವಧಿ ಕಾಯದೆ ಬನ್ನಿ.

ಕನ್ನಡಕ ಹೋದ ಬಾಜುವನ್ನು ತರುವುದಿಲ್ಲ, ಆದರೂ ಬೇಕು. ಅವಳ ಬದುಕು ಎಡಗಣ್ಣಿನ ಮೇಲೆ ನಿಂತಿದೆ. ನಂಬರು ಇರಲಿ ಬಿಡಲಿ, ಆ ಕಣ್ಣನ್ನು ಪೆಟ್ಟಿನಿಂದ ಕಾಯಲು ಪಾಲಿಕಾರ್ಬೊನೇಟ್ ಗಾಜಿನ ಕನ್ನಡಕ ದಿನವಿಡೀ ಹಾಕಲಿ. ಚಿಣಿಫಣಿ ಆಡುವಾಗಂತೂ ಕಡ್ಡಾಯ. ಚಲೋ ಕಣ್ಣಿಗೆ ಪಟ್ಟಿ ಕಟ್ಟಿ ಮಂದ ಬಲಗಣ್ಣನ್ನು ದುಡಿಸುವ ಚಿಕಿತ್ಸೆ ಏಳೆಂಟು ವರ್ಷದೊಳಗೆ ಆಗಬೇಕಿತ್ತು, ಈಗ ಹೆಚ್ಚಿನ ಆಸೆ ಬೇಡ.

ಶಾಲೆಯಲ್ಲಿ ಮೇಷ್ಟ್ರಿಗೆ ಹೇಳಿ ಅವಳನ್ನು ಮುಂದಿನ ಸಾಲಿನ ಎಡತುದಿಗೆ ಕೂಡಿಸಿ. ಆಗ ಬೋರ್ಡು, ಮೇಷ್ಟ್ರು, ಗೆಳತಿಯರು ಎಲ್ಲ ಅವಳ ಬಲಕ್ಕೆ ಬರುತ್ತಾರೆ. ಪುಸ್ತಕದ ಎಡ ಅಂಚಿಗೆ ದಪ್ಪ ಕೆಂಪು ಗೆರೆ ಎಳೆದುಕೊಡಿ, ‘ಕೆಂಪು ಸಿಗುವವರೆಗೆ ಕಣ್ಣು ತಿರುಗಿಸು, ಆಮೇಲೆ ಓದು’ ಎಂದು ರೂಢಿ ಮಾಡಿಸಿ. ಬರಬರುತ್ತ ಸಾಲು ತಪ್ಪುವುದು ಕಡಿಮೆಯಾಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಅಕ್ಷರ ಓದುವ ಶಕ್ತಿಯಷ್ಟೇ ಅಲ್ಲ, ನೋಟದ ಹರವನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ. ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡಿಗೆ ಹೋದಾಗ ಬೋರ್ಡು ಓದಿಸಿ ‘ಒಂದು ಕಣ್ಣು ಚಲೋ ಅದ’ ಎಂದು ತಿರುಗಿ ಕಳಿಸಿಯಾರು; ಎರಡೂ ಕಣ್ಣಿನ ಫೀಲ್ಡ್ ಟೆಸ್ಟ್ ಕಾಗದ ಮುಂದಿಡಿ. ಶೇಕಡಾ 40 ಮತ್ತು ಅದಕ್ಕೂ ಹೆಚ್ಚು ಎಂದು ಬಂದರೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷದಂತೆ ಹೆಚ್ಚಿನ ಸಮಯ ಕೇಳಬಹುದು. ಎಸ್ಸೆಸ್ಸೆಲ್ಸಿಗೆ ಇನ್ನೂ ಮೂರು ವರ್ಷ ಇದೆ, ಈಗಲೇ ಶುರು ಮಾಡಿ.

ಮುಂದಿನ ಮಗುವಿಗೆ ಬರುತ್ತದೆಯೇ ಎಂದು ನೀವು ಕೇಳಿಲ್ಲ, ಸಂಕೋಚವಾಗಿರಬಹುದು. ನಿಮ್ಮ ಮಗಳಂಥ ದೋಷ ಬಹುಪಾಲು ಒಂಟಿಯಾಗಿ ಬರುತ್ತದೆ, ಮನೆತನದಲ್ಲಿ ಹರಿಯುವುದು ವಿರಳ. ಸೋದರಮಾವನಿಗೆ ಕೊಟ್ಟದ್ದಕ್ಕೇ ಹೀಗಾಯಿತು ಎಂದು ಯಾರಾದರೂ ಅಂದರೆ ಈ ದೋಷಕ್ಕೆ ಅದು ಹೊಂದುವುದಿಲ್ಲ. ಹೊಂದುವಂಥವು ಬೇರೆ ಇವೆ: ಎಲುಬು ಕಲ್ಲಿನಂತೆ ದಪ್ಪವಾಗಿ ಕಣ್ಣಿನ ನರ ಹಾಯುವ ಕಿಂಡಿಯನ್ನೇ ಹಿಸುಕುವ ಆಸ್ಟಿಯೋಪೆಟ್ರೋಸಿಸ್, ಹಸುಗೂಸುಗಳಲ್ಲಿ ಕಾಣಿಸುವ ಅದರ ಉಗ್ರ ರೂಪ, ಒಳಸಂಬಂಧದ ಮದುವೆಗಳಲ್ಲಿ ಹೆಚ್ಚು. ತಲೆಬುರುಡೆಯ ಹೊಲಿಗೆಗಳು ಬೇಗ ಮುಚ್ಚಿ ಒಳಒತ್ತಡ ಏರಿ ನೋಟ ಸುತ್ತಲಿಂದ ಕುಗ್ಗುವ ಕ್ರೂಜಾನ್‌ನಂಥ ರೋಗಗಳಲ್ಲಿ ತಂದೆತಾಯಿಗಳಲ್ಲಿ ಒಬ್ಬರಿಂದಲೇ ಬಂದೀತು. ಅವಕ್ಕೆ ಹೊತ್ತಿಗೆ ಸರಿಯಾಗಿ ಆಪರೇಷನ್ ಮಾಡಿದರೆ ನೋಟ ಉಳಿಸಬಹುದು. ನಿಮ್ಮದು ಆ ಗುಂಪಿನದ್ದಲ್ಲ. ಇನ್ನೊಂದು ಮಗು ಬೇಕೆಂದರೆ ಗರ್ಭ ನಿಲ್ಲುವ ಮೊದಲಿನಿಂದಲೇ ಫೋಲಿಕ್ ಆ್ಯಸಿಡ್ ತೆಗೆದುಕೊಳ್ಳಿ. ಸಾಮಾನ್ಯರಿಗೆ ದಿನಕ್ಕೆ 400 ಮೈಕ್ರೋಗ್ರಾಂ, ನಿಮಗೆ ಎಷ್ಟು ಎಂಬುದನ್ನು ಹೆರಿಗೆ ಡಾಕ್ಟರು ಹೇಳಲಿ.

ಸೈಕಲ್ಲಿಗೆ ನಾನು ಪೂರ್ತಿ ಬೇಡ ಅನ್ನುವುದಿಲ್ಲ. ಮೈದಾನದಲ್ಲಿ, ಗಾಡಿಗಳಿಲ್ಲದ ಓಣಿಯಲ್ಲಿ, ಯಾರಾದರೂ ಜೊತೆಗಿದ್ದರೆ ಹೊಡೆಯಲಿ. ಡಾಂಬರು ರಸ್ತೆಗೆ ಬೇಡ, ಮುಂದೆ ಸ್ಕೂಟಿಯೂ ಬೇಡ; ಇದನ್ನು ಈಗಲೇ ಬಿಡಿಸಿ ಹೇಳುವುದು ಒಳ್ಳೆಯದು, ಹದಿನೆಂಟಕ್ಕೆ ಹೇಳಿದರೆ ಕೇಳುವುದಿಲ್ಲ. ನಡೆದು ರಸ್ತೆ ದಾಟುವಾಗ ಮೊದಲರ್ಧದಲ್ಲಿ ಗಾಡಿಗಳು ಬಲದಿಂದ ಬರುತ್ತವೆ, ಅವು ಕಾಣುತ್ತವೆ. ನಡು ದಾಟಿದ ಮೇಲೆ ಎಡದಿಂದ ಬರುತ್ತವೆ. ಅಲ್ಲಿ ನಿಂತು ಗದ್ದ ಎಡಭುಜಕ್ಕೆ ತಾಗುವಷ್ಟು ತಲೆ ತಿರುಗಿಸಿ ನೋಡಬೇಕು ಎಂದು ಕಲಿಸಿ. ಹುಬ್ಬಳ್ಳಿಗೆ ಬಂದಾಗ ಚಿಗರಿ ಬಸ್ಸಿನ ರಸ್ತೆಯಲ್ಲಿ ನೀವು ಅವಳ ಎಡಗೈ ಹಿಡಿದೇ ದಾಟಿ.

ಕಸೂತಿಯನ್ನು ಮಾತ್ರ ಖಂಡಿತ ಕಲಿಸಿ. ಗವಂತಿ, ಮುರ್ಗಿ, ನೇಗಿ, ಮೆಂತ್ಯೆ, ಎಲ್ಲವೂ ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆ. ಅದಕ್ಕೆ ಬೇಕಾದದ್ದು ನಡುನೋಟ, ಅದು ಅವಳ ಎಡಗಣ್ಣಿನಲ್ಲಿ ಚೆನ್ನಾಗಿದೆ. ಸೂಜಿಗೆ ದಾರ ಪೋಣಿಸುವುದು ತ್ರಾಸಾದೀತು, ಒಂದೇ ಕಣ್ಣಿನ ಮೇಲೆ ನಡೆಯುವವರಿಗೆ ಸೂಜಿ ಎಷ್ಟು ದೂರ, ದಾರ ಎಷ್ಟು ದೂರ ಎಂಬ ಅಂದಾಜು ತಪ್ಪುತ್ತದೆ. ಪೋಣಿಸುವ ತಂತಿ ಕೊಡಿ, ಇಲ್ಲವೇ ನಾಲ್ಕಾರು ಸೂಜಿ ನೀವೇ ಪೋಣಿಸಿಡಿ. ಸಾಲನ್ನು ಎಡದಿಂದ ಬಲಕ್ಕೆ ಹಾಕಲಿ, ಮುಂದೆ ಎಣಿಸಬೇಕಾದ ಎಳೆಗಳು ಕಾಣುವ ಬದಿಗೆ ಬರುತ್ತವೆ. ತಿರುಗಿ ಬರುವ ಸಾಲಿಗೆ ಕೈ ತಿರುಗಿಸುವ ಬದಲು ಬಟ್ಟೆಯನ್ನೇ ತಿರುಗಿಸಿಕೊಳ್ಳಲಿ.